ಶಂಭುಲಿಂಗನ ತಟ್ಟೆ

ನಮ್ಮ ಊರಿನಲ್ಲಿ ಪಾತ್ರೆ ತೊಳೆಯುವ ಮಿಷಿನ್ ಇಲ್ಲದ ಮನೆಯಿಲ್ಲ. ಸೋರುವ ಸೂರಿಗೆ ಹೆಂಚು ಹಾಕಿಸಲು ಮೀನಮೇಷ ಎಣಿಸುವವರು ಕೂಡ ಮಿಷಿನ್ನಿನ ಫಿಲ್ಟರ್ ಹರಿದರೆ ಅದೇ ದಿನ ನನ್ನ ಬಾಗಿಲು ತಟ್ಟುತ್ತಾರೆ. ನಾನು ನಾಗಭೂಷಣ. ಇಪ್ಪತ್ತೆರಡು ವರ್ಷಗಳಿಂದ ಈ ಊರಿನ ಮಿಷಿನ್‌ಗಳ ಹೊಟ್ಟೆಯೊಳಗೆ ಕೈ ಹಾಕಿಕೊಂಡೇ ಬದುಕಿದ್ದೇನೆ. ಯಾರ ಮನೆಯಲ್ಲಿ ಏನು ಬೇಯುತ್ತದೆ, ಯಾರು ಏನನ್ನು ತಿನ್ನದೆ ಬಿಡುತ್ತಾರೆ, ಯಾವ ಸೊಸೆ ಸಿಟ್ಟಿನಲ್ಲಿ ಗಾಜಿನ ಲೋಟ ಕುಕ್ಕಿದಳು ಎಂಬುದನ್ನೆಲ್ಲ ಫಿಲ್ಟರ್ ನನಗೆ ಹೇಳುತ್ತದೆ. ನಾನು ಮಾತ್ರ ಯಾರಿಗೂ ಹೇಳುವುದಿಲ್ಲ. ಹೇಳಿದ್ದರೆ ಇಷ್ಟು ಹೊತ್ತಿಗೆ ಊರು ಎರಡು ಪಾಲಾಗಿರುತ್ತಿತ್ತು.

ಮಿಷಿನ್ ಅನ್ನುವುದು ಹಸುವಿನ ಹಾಗೆ, ನೋಡಿಕೊಂಡಂತೆ ಕೊಡುತ್ತದೆ. ಇದು ಎಷ್ಟು ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ತಟ್ಟೆಯ ಅಗುಳು, ಕರಿಬೇವು, ಮೆಣಸಿನಕಾಯಿ ತೊಟ್ಟು ಎಲ್ಲವನ್ನೂ ಮೊದಲು ಬಡಿದು ಹಾಕಿ ಎನ್ನುತ್ತೇನೆ. ಹಾಗೆಂದರೆ ಕೆಲವರು ನಲ್ಲಿಯ ಕೆಳಗೆ ಹಿಡಿದು ಥಳಥಳ ತೊಳೆದೇ ಇಡುತ್ತಾರೆ. ತೊಳೆದದ್ದನ್ನು ಮತ್ತೆ ತೊಳೆಸಲು ಮಿಷಿನ್ ಏಕೆ ಬೇಕು ತಾಯಿ? ತಟ್ಟೆಗಳು ಒಂದಕ್ಕೊಂದು ಅಂಟದೆ ಸ್ವಲ್ಪ ಬಾಗಿ ನಿಲ್ಲಬೇಕು. ಲೋಟಗಳು ಮೇಲಿನ ಟ್ರೇಯಲ್ಲಿ ಬೋರಲಾಗಿರಬೇಕು. ಹಿಟ್ಟು ಕಲಸುವ ದೊಡ್ಡ ಪರಾತವನ್ನು ತಟ್ಟೆಗಳ ಮುಂದೆ ನಿಲ್ಲಿಸಬಾರದು. ನಿಲ್ಲಿಸಿದರೆ ನೀರು ಚಿಮ್ಮಿಸುವ ರೆಕ್ಕೆಗೆ ಅಡ್ಡವಾಗಿ ಹಿಂದಿನದೆಲ್ಲ ಒಣಗಿದ್ದು ಒಣಗಿದಂತೆಯೇ ಉಳಿಯುತ್ತದೆ. ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಬೇಕು. ತಿಂಗಳಿಗೊಮ್ಮೆ ರೆಕ್ಕೆಯ ತೂತುಗಳಿಗೆ ಸೂಜಿ ಆಡಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಉಪ್ಪು. ನಮ್ಮೂರ ನೀರು ಮಹಾ ಗಡಸು. ಮಿಷಿನ್ನಿನ ತಳದಲ್ಲಿರುವ ಡಬ್ಬಿಗೆ ದಪ್ಪ ಉಪ್ಪು ಹಾಕದಿದ್ದರೆ ಎರಡೇ ತಿಂಗಳಲ್ಲಿ ಒಳಗೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ.

ಬೇರೆ ಊರುಗಳಲ್ಲಿ ಇದು ಬರೀ ಪಾತ್ರೆಯ ಮಾತು. ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಕೆಳಗಿನ ಟ್ರೇಯ ಹಿಂದಿನ ಎಡಮೂಲೆ ಮನೆಯಲ್ಲಿಲ್ಲದವರಿಗೆ ಮೀಸಲು. ಮನೆಯವರು ಉಂಡ ತಟ್ಟೆಗಳ ಜೊತೆಗೆ ಅಲ್ಲಿ ಅವರ ತಟ್ಟೆಯನ್ನು ಶುಭ್ರವಾಗಿ, ಬರಿದಾಗಿ ಇಡುತ್ತೇವೆ. ಅವರು ಎಲ್ಲೋ ಬದುಕಿದ್ದರೆ ತಟ್ಟೆ ಹೋದಂತೆಯೇ ಬರುತ್ತದೆ. ಬದುಕಿಲ್ಲದಿದ್ದರೆ ಎಂಜಲಾಗಿ ಬರುತ್ತದೆ. ನಮ್ಮಪ್ಪ ಹೋಗಿ ನಲವತ್ತೆರಡು ವರ್ಷವಾಯಿತು. ಇವತ್ತಿಗೂ ಅವನ ತಟ್ಟೆಯ ಅಂಚಿನಲ್ಲಿ ನಾಲ್ಕು ಕರಿಬೇವಿನ ಎಲೆ ಸಾಲಾಗಿ ಅಂಟಿಕೊಂಡು ಬರುತ್ತವೆ. ಬದುಕಿದ್ದಾಗಲೂ ಅವನು ಹಾಗೆಯೇ ಎತ್ತಿಡುತ್ತಿದ್ದ. ನಾನು ಅದನ್ನು ನೋಡಿ, ಅಪ್ಪನಿಗೆ ಊಟ ಸೇರಿದೆ ಎಂದುಕೊಂಡು, ತಟ್ಟೆಯನ್ನು ಕೈಯಿಂದ ತೊಳೆದಿಡುತ್ತೇನೆ.

ಇಂಥ ಊರಿನಲ್ಲಿ ಮಿಷಿನ್ ಕೊಳಕಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಚನ್ನವೀರಯ್ಯ ಮೇಷ್ಟರ ಕಥೆಯೇ ಸಾಕು. ಮೇಷ್ಟರು ಯಾತ್ರೆಗೆ ಹೋಗಿ ಎರಡು ವಾರ ಸುದ್ದಿಯಿರಲಿಲ್ಲ. ಹೆಂಡತಿ ತಟ್ಟೆ ಇಟ್ಟಳು. ಮೆಂತ್ಯಸೊಪ್ಪು ಅಂಟಿಕೊಂಡು ಬಂತು. ಮನೆಯಲ್ಲಿ ಗೋಳೋ ಎಂದು ಅತ್ತರು, ಬಳೆ ತೆಗೆಸಿದರು, ಹನ್ನೊಂದನೆಯ ದಿನ ಊರಿಗೆಲ್ಲ ಊಟ ಹಾಕಿದರು. ಮೂರನೆಯ ಪಂಕ್ತಿಗೆ ಸ್ವತಃ ಮೇಷ್ಟರು ಬಂದು ಕೈಕಾಲು ತೊಳೆದು ಕೂತರು. ಯಾರದಪ್ಪಾ ಕಾರ್ಯ ಎಂದು ಪಕ್ಕದವನನ್ನು ಕೇಳಿ, ಉತ್ತರ ಸಿಗದೆ, ಎರಡು ಸಲ ಪಾಯಸ ಹಾಕಿಸಿಕೊಂಡರಂತೆ. ಆಮೇಲೆ ಫಿಲ್ಟರ್ ಬಿಚ್ಚಿದರೆ ಮುಷ್ಟಿಯಷ್ಟು ಮೆಂತ್ಯಸೊಪ್ಪು ಕೊಳೆತು ಕೂತಿತ್ತು. ಆವತ್ತು ಊರ ಹಿರಿಯರು ಒಂದು ಕಟ್ಟುಪಾಡು ಮಾಡಿದರು: ಕಾಣೆಯಾದವರ ತಟ್ಟೆ ಇಡುವ ಮುನ್ನ ನಾನು ಮಿಷಿನ್ ಬಿಚ್ಚಿ ತೊಳೆಯಬೇಕು, ಮನೆಯವರ ಮುಂದೆ ನಿಂತು "ಮಿಷಿನ್ ಶುದ್ಧವಾಗಿದೆ" ಎಂದು ಬಾಯಿಬಿಟ್ಟು ಹೇಳಬೇಕು. ನಾನು ಹಾಗೆ ಹೇಳಿದ ಮೇಲೆ ತಟ್ಟೆ ಹೇಳಿದ್ದೇ ಸತ್ಯ. ಒಬ್ಬ ಮನುಷ್ಯನ ನಾಲಿಗೆಗೆ ಇಷ್ಟು ಭಾರ ಹೊರಿಸಬಾರದಿತ್ತು.

ಇನ್ನೊಂದು ಪದ್ಧತಿಯೂ ಇದೆ. ಸತ್ತದ್ದು ಖಾತ್ರಿಯಾದ ಮೇಲೆ ಆ ತಟ್ಟೆಯಲ್ಲಿ ಒಂದು ಹಿಡಿ ಅನ್ನ ಕಲಸಿ ಇಟ್ಟು ಮಿಷಿನ್ ಓಡಿಸುತ್ತಾರೆ. ಅದು ಮೊದಲ ತುತ್ತು. ಯಾರು ಇಡುತ್ತಾರೋ ಅವರು ಸತ್ತವನಿಗೆ ಒಡಹುಟ್ಟಿದವರ ಲೆಕ್ಕ, ಅವನ ಮನೆಗೆ ರಕ್ತಸಂಬಂಧಿ. ನಮ್ಮಪ್ಪ ಹೋದಾಗ ನಾನು ಆರು ವರ್ಷದವನು, ಜ್ವರದಲ್ಲಿ ಬಿದ್ದಿದ್ದೆ. ಪಕ್ಕದ ಮನೆಯ ಗಂಗಾಧರಪ್ಪ ತುತ್ತಿಟ್ಟ. ಅವತ್ತಿನಿಂದ ಅವನು ಅಮ್ಮನಿಗೆ ಮೈದುನ, ನನಗೆ ಚಿಕ್ಕಪ್ಪ. ಅವನ ಮನಸ್ಸಿನಲ್ಲಿ ಅಮ್ಮನ ಬಗ್ಗೆ ಬೇರೆ ಏನೋ ಇತ್ತು ಎಂದು ದೊಡ್ಡವನಾದ ಮೇಲೆ ನನಗೆ ಅನ್ನಿಸಿದ್ದುಂಟು. ಇದ್ದರೂ ಅದು ಆ ತುತ್ತಿನೊಂದಿಗೇ ಮುಗಿಯಿತು. ತುತ್ತಿಟ್ಟವನು ಆ ಮನೆಯ ಹೆಣ್ಣನ್ನು ಮತ್ತೆ ಬೇರೆ ಕಣ್ಣಿನಿಂದ ನೋಡುವಂತಿಲ್ಲ.

ಈಗ ವಿಶಾಲಾಕ್ಷಿಯ ವಿಷಯಕ್ಕೆ ಬರುತ್ತೇನೆ. ಬಾರದೆ ಸುತ್ತಿ ಬಳಸಿ ಮಾತಾಡುತ್ತಿದ್ದೇನೆ ಎಂದು ನಿಮಗೆ ಆಗಲೇ ಅನ್ನಿಸಿರಬೇಕು.

ಅವಳ ಗಂಡ ಶಂಭುಲಿಂಗ ನನಗಿಂತ ಎರಡು ವರ್ಷ ಚಿಕ್ಕವನು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಿಷಿನ್ನಿಗೆ ಉಪ್ಪು ಮುಗಿದಿದೆ ಎಂದು ಚೀಲ ಹಿಡಿದು ಹೊರಟ. ಊರಿನ ಅಂಗಡಿಯಲ್ಲಿ ಉಪ್ಪಿರಲಿಲ್ಲ. ಸೇತುವೆಯಾಚೆಯ ಊರಿನಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರಂತೆ. ಸೇತುವೆಯವರೆಗೆ ಅವನನ್ನು ಕಂಡವರಿದ್ದಾರೆ. ಆಮೇಲೆ ಕಂಡವರಿಲ್ಲ. ಜಗಳವಿಲ್ಲ, ಬೇಸರವಿಲ್ಲ, ಬರೀ ಉಪ್ಪು.

ಅವತ್ತಿನಿಂದ ಆ ಮನೆಯ ಮಿಷಿನ್ ಉಪ್ಪು ಕಂಡಿಲ್ಲ. ತಿಂಗಳಿಗೊಮ್ಮೆ ನಾನು ಹೋಗುತ್ತಿದ್ದೆ. ಬಾಗಿಲ ಸುತ್ತಿನ ರಬ್ಬರ್ ಒರೆಸಲು ಬಿಡುತ್ತಿದ್ದಳು, ಅಷ್ಟೇ. ಫಿಲ್ಟರ್ ಮುಟ್ಟಬೇಡಿ ಎನ್ನುತ್ತಿದ್ದಳು. ನಾನು ಉಪ್ಪಿನ ಪೊಟ್ಟಣ ತೆಗೆದರೆ ಸಾಕು, "ಬೇಡ ಇವರೇ, ಅವರು ತರೋಕೆ ಹೋಗಿದಾರಲ್ಲ" ಎನ್ನುತ್ತಿದ್ದಳು. ಆ ಮಾತಿನಲ್ಲಿ ಹುಚ್ಚಿರಲಿಲ್ಲ. ಪಕ್ಕದ ಬೀದಿಗೆ ಹೋದವರ ಬಗ್ಗೆ ಹೇಳುವಂತೆ ಹೇಳುತ್ತಿದ್ದಳು.

ಊರಿನ ಹೆಂಗಸರೆಲ್ಲ ನನ್ನನ್ನು ಅಣ್ಣ ಎನ್ನುತ್ತಾರೆ. ಮುದುಕಿಯರು ಮಗ ಎನ್ನುತ್ತಾರೆ. ವಿಶಾಲಾಕ್ಷಿ ಒಬ್ಬಳೇ ಯಾವ ಸಂಬಂಧದ ವರಸೆಯನ್ನೂ ಹಚ್ಚದೆ "ಇವರೇ" ಎನ್ನುತ್ತಿದ್ದಳು. ಹೆಂಡತಿ ಗಂಡನನ್ನು ಕರೆಯುವಂತೆಯೂ ಅದು ಕೇಳಿಸಬಹುದು, ಪರಿಚಯವಿಲ್ಲದವರನ್ನು ಕರೆಯುವಂತೆಯೂ ಕೇಳಿಸಬಹುದು. ನನಗೆ ಹೇಗೆ ಕೇಳಿಸುತ್ತಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆ ಒಂದು ಮಾತಿನ ಮೇಲೆ ನಾನು ಆರು ವರ್ಷ ಮನೆ ಕಟ್ಟಿದ್ದೆ, ಬಾಗಿಲು ಕಿಟಕಿ ಇಟ್ಟಿದ್ದೆ, ಹೊಸಿಲಿಗೆ ಅರಿಸಿನ ಕೂಡ ಬಳಿದಿದ್ದೆ. ಅವಳ ಗಂಡ ಬದುಕಿಲ್ಲ ಎಂದು ಗೊತ್ತಾದರೆ, ಒಂದು ವರ್ಷ ಕಳೆದ ಮೇಲೆ ಕೇಳಬಹುದು ಎಂದುಕೊಂಡಿದ್ದೆ. ನಮ್ಮಲ್ಲಿ ಹಾಗೆ ಕೇಳುವುದು ತಪ್ಪಲ್ಲ. ಬದುಕಿದ್ದಾನೆ ಎಂದಾದರೆ ಕೇಳುವಂತೆಯೇ ಇಲ್ಲ. ಅವನು ತೊಂಬತ್ತು ವರ್ಷ ಬಾಳಲಿ, ಅವಳು ಕಾಯಬೇಕು.

ಆ ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಶಂಭುಲಿಂಗನ ತಾಯಿ ಗೌರಜ್ಜಿ. ಕಣ್ಣು ಪೂರ್ತಿ ಮಂಜಾಗಿದೆ, ಕಿವಿ ಮೂಗು ಮಾತ್ರ ಇಡೀ ಊರಿಗೆ ಸಾಕಾಗುವಷ್ಟು ಚುರುಕು. ಹೋದ ವೈಶಾಖದಲ್ಲಿ ಅಜ್ಜಿ ನನಗೆ ಹೇಳಿ ಕಳಿಸಿದಳು. ನಾನು ಹೋದಾಗ ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು.

"ಬಾರಪ್ಪಾ ಭೂಷಣ. ಮಿಷಿನ್ ಬಿಚ್ಚಿ ತೊಳಿ ಇವತ್ತು. ಪೂರ್ತಿ ತೊಳಿ. ಅವನ ತಟ್ಟೆ ಇಡಬೇಕು."

"ಅವರು ಒಪ್ಪಬೇಕಲ್ಲ ಅಜ್ಜಿ?" ಎಂದು ನಾನು ಅಡುಗೆಮನೆಯ ಕಡೆ ನೋಡಿದೆ.

"ಒಪ್ಪಿದಾಳೆ. ನಾನು ಇನ್ನು ಎಷ್ಟು ದಿನ ಇರ್ತೀನೋ. ಇವತ್ತೋ ನಾಳೆಯೋ. ಅಲ್ಲಿಗೆ ಹೋದ್ಮೇಲೆ ಅವನನ್ನ ಅಲ್ಲಿ ಹುಡುಕಬೇಕೋ ಬೇಡವೋ ಅಂತ ಗೊತ್ತಾಗಬೇಕಲ್ಲಪ್ಪ ನಂಗೆ. ಈ ಕಣ್ಣಲ್ಲಿ ಸುಮ್ನೆ ಎಷ್ಟು ಅಂತ ಅಲೆಯೋದು?"

ಅಡುಗೆಮನೆಗೆ ಹೋದರೆ ವಿಶಾಲಾಕ್ಷಿ ಮಿಷಿನ್ನಿನ ಪಕ್ಕ ನಿಂತಿದ್ದಳು. ಅವರಿಬ್ಬರ ಊಟ ಆಗತಾನೆ ಮುಗಿದಿತ್ತು. ಕಟ್ಟೆಯ ಮೇಲೆ ಎರಡು ಎಂಜಲು ತಟ್ಟೆ, ಹುಳಿಯ ಪಾತ್ರೆ, ಒಂದು ಪರಾತ. ಅವುಗಳಿಂದ ದೂರವಾಗಿ, ಬಿಳಿ ಬಟ್ಟೆಯ ಮೇಲೆ, ಅಂಚಿನಲ್ಲಿ ಸ್ವಲ್ಪ ನೆಗ್ಗಿದ ಒಂದು ಸ್ಟೀಲ್ ತಟ್ಟೆ.

"ಅವರದು" ಎಂದಳು. "ಮೊದಲೂ ಎಷ್ಟೋ ಸಲ ಇಟ್ಟಿದೀನಿ, ಯಾರಿಗೂ ಹೇಳದೆ. ಪ್ರತಿ ಸಲ ಬಿಳೀ ಕಲೆ ಅಂಟ್ಕೊಂಡು ಬರತ್ತೆ. ಮಜ್ಜಿಗೆ ಅನ್ನ ಉಂಡಿದ್ದೋ, ನೀರಿನ ಸುಣ್ಣವೋ ಹೆಂಗೆ ಗೊತ್ತಾಗತ್ತೆ? ಗೊತ್ತಾಗದೆ ಇದ್ರೇನೇ ವಾಸಿ ಅನ್ನಿಸ್ತಿತ್ತು. ಈಗ ಅತ್ತೆ ಕೇಳ್ತಿದಾರೆ. ತೊಳೀರಿ ಇವರೇ."

ಆರು ವರ್ಷದ ಕೊಳೆಯ ಮುಂದೆ ನಾನು ಮಂಡಿಯೂರಿ ಕೂತೆ. ಕೆಳಗಿನ ಟ್ರೇ ಎಳೆದು ಹೊರಗಿಟ್ಟೆ. ಫಿಲ್ಟರನ್ನು ಎಡಕ್ಕೆ ತಿರುಗಿಸಿದರೆ ಬರಲೊಲ್ಲದು, ಸುಣ್ಣ ಹಿಡಿದು ಕಲ್ಲಾಗಿತ್ತು. ಬಿಸಿನೀರು ಹಾಕಿ, ಸುಣ್ಣ ಬಿಡಿಸುವ ನಿಂಬೆ ಉಪ್ಪು ಉದುರಿಸಿ, ಕಾಲು ಗಂಟೆ ಬಿಟ್ಟು ಮತ್ತೆ ತಿರುಗಿಸಿದೆ. ಕರಕ್ ಎಂದು ಬಿಚ್ಚಿಕೊಂಡಿತು. ಒಳಗೆ ಹುಣಸೆ ನಾರು, ಸಾಸಿವೆ, ಒಂದು ಮುರಿದ ಚಮಚೆಯ ತುದಿ, ಅಂಗಿಯ ಬಿಳಿ ಗುಂಡಿ. ಗುಂಡಿಯನ್ನು ಅವಳ ಅಂಗೈಗೆ ಹಾಕಿದೆ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಯಾರ ಅಂಗಿಯದೆಂದು ನಾನು ಕೇಳಲಿಲ್ಲ.

ಫಿಲ್ಟರನ್ನು ಬ್ರಷ್ಷಿನಿಂದ ಉಜ್ಜಿ ಬೆಳಕಿಗೆ ಹಿಡಿದೆ, ಅದರ ಕಣ್ಣೊಂದೊಂದೂ ತೆರೆದಿತ್ತು. ರೆಕ್ಕೆಗಳನ್ನು ಕಳಚಿ ತೂತುಗಳಿಗೆ ಸೂಜಿ ಆಡಿಸಿದೆ. ರಬ್ಬರಿನ ಮಡಿಕೆಯೊಳಗಿನ ಕಪ್ಪು ಲೋಳೆ ಒರೆಸಿದೆ. ಕೊನೆಗೆ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದೆ. ನೀರು ಮಾತ್ರ ಇತ್ತು.

"ಉಪ್ಪು?" ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಅದೊಂದು ಬೇಡ. ಮಿಕ್ಕಿದ್ದೆಲ್ಲ ತೊಳೆದ್ರಲ್ಲ, ಒಂದು ಸಲಕ್ಕೆ ಸಾಕಾಗತ್ತೆ."

ನಿಜವೇ, ಒಂದು ಸಲಕ್ಕೆ ಸಾಕು. ನಾನು ಮುಚ್ಚಳ ಹಾಕಿದೆ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಕೂಗಿ, ತನ್ನನ್ನೂ ಅಡುಗೆಮನೆಗೆ ಕರೆತರುವಂತೆ ಹೇಳಿದಳು. ವಿಶಾಲಾಕ್ಷಿ ಹೋದಳು. ನಾನು ಒಬ್ಬನೇ ಉಳಿದೆ, ಎದುರಿಗೆ ಅವನ ತಟ್ಟೆ.

ನನ್ನ ಜೀವನದಲ್ಲಿ ಆ ಐದು ನಿಮಿಷ ಇಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ತಟ್ಟೆ ಶುಭ್ರವಾಗಿ ಬಂದುಬಿಟ್ಟರೆ ಎಂದು ಯೋಚನೆ ಬಂತು. ಬಂದರೆ ಅವಳು ಇನ್ನೂ ಇಪ್ಪತ್ತು ವರ್ಷ ಈ ಕಟ್ಟೆಯ ಮುಂದೆ ನಿಂತು ಬಾಗಿಲು ನೋಡುತ್ತಾಳೆ. ನಾನು ರಬ್ಬರ್ ಒರೆಸಲು ಬರುತ್ತೇನೆ, ಕಾಫಿ ಕುಡಿದು ಹೋಗುತ್ತೇನೆ, ಹಾಗೆಯೇ ಮುದುಕನಾಗುತ್ತೇನೆ. ಸತ್ತಿದ್ದಾನೆ ಎಂದು ಗೊತ್ತಾದರೆ ಅವಳಿಗೂ ಬಿಡುಗಡೆಯಲ್ಲವೇ ಎಂದುಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ನನ್ನ ನೆವ ಅದು.

ನನ್ನ ಚೀಲದಲ್ಲಿ ಬುತ್ತಿಯಿತ್ತು, ಇನ್ನೂ ಊಟ ಮಾಡಿರಲಿಲ್ಲ. ಮುಚ್ಚಳ ತೆಗೆದು, ಸಾರು ಕಲಸಿದ ಅನ್ನ ಒಂದು ಚಿಟಿಕೆ ತೆಗೆದು ಅವನ ತಟ್ಟೆಯ ನಡುವೆ ಒತ್ತಿ, ಉಗುರಿನಷ್ಟು ಅಗಲ ಬಳಿದೆ. ಅದು ನೀರಿಗೆ ಹೋಗಬಾರದಲ್ಲ, ಅದಕ್ಕೆ ರೆಕ್ಕೆಯ ತುದಿಯ ಎರಡು ತೂತಿಗೆ ಈಗತಾನೆ ತೆಗೆದ ಹುಣಸೆ ನಾರನ್ನೇ ತುರುಕಿದೆ. ತಟ್ಟೆಯನ್ನು ಹಿಂದಿನ ಎಡಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಅದರ ಮುಂದೆ ಪರಾತ ಇಟ್ಟೆ. ಯಾವ ತಪ್ಪಿಗೆ ಊರಿನ ಹೆಂಗಸರನ್ನೆಲ್ಲ ಇಪ್ಪತ್ತೆರಡು ವರ್ಷ ಬೈದಿದ್ದೆನೋ ಅದೇ ತಪ್ಪನ್ನು ಬೇಕೆಂದೇ ಮಾಡಿದೆ. ಇಬ್ಬರ ಎಂಜಲು ತಟ್ಟೆಗಳನ್ನೂ ಹುಳಿಯ ಪಾತ್ರೆಯನ್ನೂ ಸೇರಿಸಿ, ಪುಡಿ ಹಾಕಿ ಬಾಗಿಲು ಮುಚ್ಚಿದೆ.

ವಿಶಾಲಾಕ್ಷಿ ಅತ್ತೆಯನ್ನು ಹಿಡಿದುಕೊಂಡು ಬಂದು ಮಣೆಯ ಮೇಲೆ ಕೂರಿಸಿದಳು. ಇಬ್ಬರೂ ನನ್ನ ಮುಖದ ಕಡೆ ತಿರುಗಿದರು.

"ಮಿಷಿನ್ ಶುದ್ಧವಾಗಿದೆ" ಎಂದೆ.

ಮಿಷಿನ್ನಿನ ಗುಂಡಿ ಒತ್ತಿದೆ. ಮೊದಲು ಹಳೆಯ ನೀರು ಗೊಳಗೊಳ ಹೊರಗೆ ಹೋಯಿತು, ಆಮೇಲೆ ಹೊಸ ನೀರು ತುಂಬುವ ಸದ್ದು, ಆಮೇಲೆ ರೆಕ್ಕೆ ಸುತ್ತಲು ಶುರುವಾಯಿತು. ಒಂದು ಗಂಟೆ ನಲವತ್ತು ನಿಮಿಷ. ನಡುವೆ ಬಾಗಿಲು ತೆರೆಯಬಾರದು. ತೆರೆದರೆ ಉಣ್ಣುತ್ತಿರುವವರನ್ನು ಪಂಕ್ತಿಯಿಂದ ಎಬ್ಬಿಸಿದ ಪಾಪ. ಹೊರಗೆ ರಣಗುಡುವ ಬಿಸಿಲು. ಅಜ್ಜಿ ಕಣ್ಣು ಮುಚ್ಚಿ ಮಿಷಿನ್ನಿನ ಸದ್ದು ಕೇಳುತ್ತ ಕೂತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ವಿಶಾಲಾಕ್ಷಿ ತನ್ನಷ್ಟಕ್ಕೆ ತಾನೇ ಮಾತು ಶುರು ಮಾಡಿದಳು. "ಇಷ್ಟೆಲ್ಲ ತೊಳೆಸಿದ್ದೂ ದಂಡವೇನೋ. ತಟ್ಟೆ ಶುಭ್ರವಾಗಿ ಬಂದ್ರೂ ನಂಗೆ ಏನೂ ಗೊತ್ತಾಗಲ್ಲ ಇವರೇ."

"ಯಾಕೆ?"

"ಅವರು ಯಾವತ್ತೂ ತಟ್ಟೇಲಿ ಒಂದಗುಳು ಬಿಟ್ಟೋರಲ್ಲ. ಊಟ ಆದ್ಮೇಲೆ ಮೂರು ಬೆರಳು ಹಿಂಗೆ ಇಟ್ಟು, ಆ ಕಡೆಯಿಂದ ತಮ್ಮ ಕಡೆಗೆ ಒಂದೇ ಸಲ ಎಳೆದು ನೆಕ್ಕಿಬಿಡೋರು. ತಟ್ಟೇಲಿ ಮೂರು ಗೆರೆ ಬಿಟ್ರೆ ಏನೂ ಇರ್ತಿರ್ಲಿಲ್ಲ. ನಿಂಗೆ ತೊಳೆಯೋ ಕೆಲಸ ಉಳಿಸಿದೀನಿ ನೋಡು ಅಂತ ನಗೋರು. ಆ ಗೆರೆ ಎಷ್ಟು ಹೊತ್ತು ನಿಲ್ಲತ್ತೆ? ಮಿಷಿನ್ ನೀರು ತಾಗಿದ್ರೆ ಹೋಯ್ತು."

"ಮಗು ಆಗಿದ್ದಾಗಿಂದ ಹಂಗೇ" ಎಂದಳು ಅಜ್ಜಿ ಕಣ್ಣು ತೆರೆಯದೆ. "ಬಡಿಸಿದ್ದು ಹೆಚ್ಚಾಯ್ತು ಅಂತ ಅವನ ಬಾಯಲ್ಲಿ ಬಂದಿಲ್ಲ."

"ಅದಕ್ಕೇ ಹೇಳಿದ್ದು" ಎಂದಳು ವಿಶಾಲಾಕ್ಷಿ. "ಒಂದಗುಳು ಉಳ್ಕೊಂಡು ಬಂದ್ರೆ ಮಾತ್ರ ಗ್ಯಾರಂಟಿ. ಅದು ಅವರದಲ್ಲ ಅಂತ."

ಒಳಗೆ ಎಡಮೂಲೆಯಲ್ಲಿ, ಪರಾತದ ಹಿಂದೆ, ನಾನು ಬಳಿದ ಅನ್ನ ಒಣಗಿಕೊಂಡು ಕೂತಿದೆ. ಬಾಗಿಲು ತೆರೆದ ಕೂಡಲೇ ಅವಳು ಅಗುಳನ್ನು ನೋಡುತ್ತಾಳೆ, ಆಮೇಲೆ ನನ್ನನ್ನು ನೋಡುತ್ತಾಳೆ. ಹುಣಸೆ ನಾರನ್ನೂ ನೋಡುತ್ತಾಳೆ. ಊರಿನಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತು ಉಳಿಯುವುದಿಲ್ಲ. ಅದು ಹೋಗಲಿ, ಅವಳ ಮುಖವನ್ನು ನಾನು ಹೇಗೆ ನೋಡುವುದು? ಎದ್ದು ಓಡಿಹೋಗೋಣ ಎನ್ನಿಸಿತು. ಮಿಷಿನ್ ಆರಿಸಿ, ಏನೋ ಕೆಟ್ಟಿದೆ ಎಂದು ಸುಳ್ಳು ಹೇಳೋಣ ಎನ್ನಿಸಿತು. ಕೈ ಮುಂದೆ ಹೋಯಿತು ಕೂಡ.

ಆಗ ಅಜ್ಜಿ ತಲೆ ಎತ್ತಿದಳು. "ಸುಮ್ನಿರಿ" ಎಂದಳು. ನಾವು ಯಾರೂ ಮಾತಾಡುತ್ತಿರಲಿಲ್ಲ.

ಮಿಷಿನ್ನಿನೊಳಗೆ ರೆಕ್ಕೆ ಒಂದೇ ಲಯದಲ್ಲಿ ಸುತ್ತುತ್ತಿತ್ತು. ಚಟಪಟ ನೀರು ಪರಾತಕ್ಕೆ ಬಡಿಯುತ್ತಿತ್ತು. ಆ ಸದ್ದಿನ ಹಿಂದೆ ಇನ್ನೊಂದು ಸದ್ದು ಬಂತು. ಇಪ್ಪತ್ತೆರಡು ವರ್ಷ ಈ ಸದ್ದುಗಳ ಜೊತೆ ಬದುಕಿದವನು ನಾನು, ಮೋಟರಿನ ಸದ್ದು ಯಾವುದು, ನೀರಿನದು ಯಾವುದು, ಸಡಿಲವಾದ ಲೋಟದ್ದು ಯಾವುದು ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಇದು ಯಾವುದೂ ಅಲ್ಲ. ಸ್ಟೀಲಿನ ಮೇಲೆ ಒದ್ದೆ ಬೆರಳು ಎಳೆದ ಸದ್ದು. ಒಂದೇ ಒಂದು ಸಲ, ನಿಧಾನವಾಗಿ. ಆಮೇಲೆ ಬರೀ ನೀರು.

ವಿಶಾಲಾಕ್ಷಿ ಸೆರಗಿನ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉಳಿದ ಹೊತ್ತು ಹೇಗೆ ಹೋಯಿತೋ ನನಗೆ ಗೊತ್ತಿಲ್ಲ.

ಮಿಷಿನ್ ಮೂರು ಸಲ ಕೂಗಿ ನಿಂತಿತು. ಕೂಡಲೇ ತೆರೆಯಬೇಡಿ, ಹಬೆ ಆರಲಿ ಎಂದು ನಾನು ಎಲ್ಲರಿಗೂ ಹೇಳುವುದುಂಟು. ಅವಳು ಕಾಯಲಿಲ್ಲ. ಬಾಗಿಲು ಎಳೆದಳು, ಹಬೆ ಅವಳ ಮುಖಕ್ಕೆ ಹೊಡೆಯಿತು. ಟ್ರೇ ಎಳೆದು ಪರಾತ ಎತ್ತಿ ಕೆಳಗಿಟ್ಟಳು. ಆ ಪರಾತ ಅಲ್ಲಿ ಯಾಕಿತ್ತು ಎಂದು ಕೇಳಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದು ಕಿಟಕಿಯ ಬೆಳಕಿಗೆ ತಿರುಗಿಸಿದಳು.

ಅಗುಳಿರಲಿಲ್ಲ. ಉಳಿದ ಪಾತ್ರೆಗಳಿಂದೆಲ್ಲ ನೀರು ತೊಟ್ಟಿಕ್ಕುತ್ತಿತ್ತು, ಆ ತಟ್ಟೆ ಮಾತ್ರ ಒಣಗಿತ್ತು. ನಾನು ಉಗುರಿನಷ್ಟು ಬಳಿದಿದ್ದ ಸಾರು ತಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ತೆಳ್ಳಗೆ ಹರಡಿತ್ತು. ಅದರ ನಡುವೆ ಮೂರು ಗೆರೆ. ಆ ಕಡೆಯಿಂದ ಈ ಕಡೆಗೆ, ಒಂದೇ ಸಲ ಎಳೆದದ್ದು.

ಅವಳು ತನ್ನ ಮೂರು ಬೆರಳನ್ನು ಆ ಗೆರೆಗಳ ಮೇಲೆ ಇಟ್ಟು ನೋಡಿದಳು. ಗೆರೆಗಳು ಅವಳ ಬೆರಳಿಗಿಂತ ದಪ್ಪಗಿದ್ದವು. ತಟ್ಟೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ಆರು ವರ್ಷ ಅಳದೆ ಇದ್ದವಳು ಹೇಗೆ ಅಳಬೇಕೋ ಹಾಗೆ ಅತ್ತಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಪರಾತ ಅಡ್ಡ ಇಡದಿದ್ದರೆ, ತೂತು ಮುಚ್ಚದಿದ್ದರೆ, ನೀರು ಆ ಗೆರೆಗಳನ್ನು ತೊಳೆದುಬಿಡುತ್ತಿತ್ತು. ನನ್ನ ಮೋಸದ ನೆರಳಿನಲ್ಲೇ ಸತ್ಯ ಒಣಗಿ ಉಳಿದಿತ್ತು.

"ಕೊಡಮ್ಮ ಇಲ್ಲಿ" ಎಂದು ಗೌರಜ್ಜಿ ಕೈ ಚಾಚಿದಳು. ತಟ್ಟೆಯ ಮೇಲೆ ಬೆರಳಾಡಿಸಿ ಮೂರು ಗೆರೆಯನ್ನೂ ತಡವಿದಳು. "ನನ್ ಮಗಂದೇ ಕೈ" ಎಂದಳು. ಆಮೇಲೆ ತಟ್ಟೆಯನ್ನು ಮೂಗಿನ ಹತ್ತಿರ ತಂದಳು, ಬಹಳ ಹೊತ್ತು ಹಾಗೆಯೇ ಹಿಡಿದಿದ್ದಳು.

"ಬೆಳ್ಳುಳ್ಳಿ" ಎಂದಳು. "ನಮ್ಮನೇಲಿ ಬೆಳ್ಳುಳ್ಳಿ ಹಾಕಲ್ಲ. ನಂಗೆ ಆಗಲ್ಲ ಅಂತ ಅವನು ಹೊರಗೆ ತಿಂದು ಬರ್ತಿದ್ದ, ನಂಗೆ ಗೊತ್ತಿಲ್ಲ ಅಂದ್ಕೊಂಡು. ಇದು ಯಾರ ಮನೆ ಸಾರು?"

ವಿಶಾಲಾಕ್ಷಿಯ ಅಳು ನಿಂತಿತು. ಅವಳು ತಲೆಯೆತ್ತಿ ಮೊದಲು ನನ್ನ ಚೀಲವನ್ನು ನೋಡಿದಳು, ಅದರೊಳಗಿಂದ ಅರ್ಧ ಇಣುಕುತ್ತಿದ್ದ ಬುತ್ತಿ ಡಬ್ಬಿಯನ್ನು ನೋಡಿದಳು, ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಆಮೇಲೆ ಕೆಳಗಿಟ್ಟ ಪರಾತವನ್ನು, ರೆಕ್ಕೆಯ ತುದಿಯಲ್ಲಿ ಅಂಟಿದ್ದ ನಾರನ್ನು ನೋಡಿದಳು. ಕೊನೆಗೆ ನನ್ನನ್ನು.

"ನನ್ನ ಮನೇದು ಅಜ್ಜಿ. ನಾನೇ ಇಟ್ಟೆ" ಎಂದೆ.

ಯಾಕೆ ಇಟ್ಟೆ ಎಂದು ಅಜ್ಜಿ ಕೇಳುತ್ತಾಳೆ ಎಂದುಕೊಂಡಿದ್ದೆ, ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಅವಳು ಕೇಳಿದ್ದು ಬೇರೆ. "ನೀನು ಅವನಿಗಿಂತ ದೊಡ್ಡವನೋ, ಚಿಕ್ಕವನೋ?"

"ಎರಡು ವರ್ಷಕ್ಕೆ ದೊಡ್ಡವನು."

"ಹತ್ತಿರ ಬಾ" ಎಂದಳು. ಹೋಗಿ ಬಗ್ಗಿದೆ. ಸಾರಿನ ವಾಸನೆಯಿದ್ದ ಕೈಯಿಂದ ನನ್ನ ತಲೆ ಸವರಿದಳು. "ಆರು ವರ್ಷದಿಂದ ನನ್ ಮಗ ಹಸಿದು ಅಲೀತಿದ್ದ. ನಾನು ಹೆತ್ತವಳು, ಇವಳು ಕೈ ಹಿಡಿದವಳು, ಇಬ್ಬರಿಗೂ ಒಂದು ತುತ್ತು ಇಡಬೇಕು ಅನ್ನಿಸಲಿಲ್ಲ. ನೀನು ಇಟ್ಟೆ. ಇವತ್ತಿನಿಂದ ನೀನು ನಂಗೆ ಹಿರೀ ಮಗ ಕಣಪ್ಪ."

ನಾನು ಇಟ್ಟದ್ದು ಕಲೆ, ತುತ್ತಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ಆದರೆ ಉಂಡವನು 'ಇದು ತುತ್ತು' ಎಂದುಕೊಂಡೇ ಉಂಡಿದ್ದ, ಒಂದಗುಳನ್ನೂ ಬಿಟ್ಟಿರಲಿಲ್ಲ. ವಿಶಾಲಾಕ್ಷಿ ಎದ್ದು ಸೆರಗನ್ನು ಹೆಗಲ ಸುತ್ತ ಹೊದ್ದುಕೊಂಡಳು. ನಾನು ರೆಕ್ಕೆಯ ತೂತಿನಿಂದ ನಾರು ತೆಗೆದು, ಚೀಲ ಎತ್ತಿಕೊಂಡು, ಬಿಸಿಲಿಗೆ ಇಳಿದೆ. ದಾರಿಯಲ್ಲಿ ಬುತ್ತಿಯನ್ನು ಯಾವುದೋ ನಾಯಿಗೆ ಸುರಿದೆ. ಅದು ಮೂಸಿ ನೋಡಿ, ತಿನ್ನದೆ ಹಿಂದೆ ಸರಿಯಿತು.

ಇಪ್ಪತ್ತು ದಿನಕ್ಕೆ ಗೌರಜ್ಜಿ ಹೋದಳು. ಮಧ್ಯಾಹ್ನ ಮಜ್ಜಿಗೆ ಕುಡಿದು ಮಲಗಿದವಳು ಏಳಲಿಲ್ಲ. ಹಿರಿಯ ಮಗನೆಂದು ನನ್ನನ್ನೇ ಕರೆದರು, ಮಾಡಬೇಕಾದ್ದನ್ನೆಲ್ಲ ನಾನೇ ಮಾಡಿದೆ. ಹನ್ನೆರಡನೆಯ ದಿನ ಅಜ್ಜಿಯ ಬರಿದಾದ ತಟ್ಟೆಯನ್ನು ಮೂಲೆಯಲ್ಲಿ ಮಗನ ತಟ್ಟೆಯ ಪಕ್ಕ ನಿಲ್ಲಿಸಿದೆವು. ಈ ಸಲ ಅಡ್ಡ ಏನೂ ಇಡಲಿಲ್ಲ, ರೆಕ್ಕೆಯ ತೂತುಗಳೆಲ್ಲ ತೆರೆದಿದ್ದವು. ಬಾಗಿಲು ತೆಗೆದಾಗ ಶಂಭುಲಿಂಗನ ತಟ್ಟೆ ಥಳಥಳ ಹೊಳೆಯುತ್ತಿತ್ತು, ಅವನ ಗೆರೆಗಳನ್ನು ನೀರು ತೊಳೆದಿತ್ತು. ಅಜ್ಜಿಯ ತಟ್ಟೆಯ ಅಂಚಿನಲ್ಲಿ ಮಾತ್ರ ಕೈಯಿಂದ ಮಾಡಿದ ಅನ್ನದ ಒಂದು ಉಂಡೆ, ನೀರಿಗೂ ಒಡೆಯದೆ ಕೂತಿತ್ತು. ಚಿಕ್ಕವರಿಗೆಂದು ಕೊನೆಯ ತುತ್ತು ಎತ್ತಿಡುತ್ತಾರಲ್ಲ, ಹಾಗೆ. ಅದರ ಮೇಲೆ ಮೂರು ಬೆರಳಿನ ಗುರುತು ಮೂಡಿತ್ತು, ಇನ್ನೇನು ಎತ್ತಿಕೊಳ್ಳಬೇಕು ಎಂಬಂತೆ.

ಅಜ್ಜಿ ಹೆಚ್ಚು ಅಲೆಯಬೇಕಾಗಲಿಲ್ಲ ಎಂದುಕೊಂಡೆ. ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಚೀಲದಲ್ಲಿ ಕೈಯಾಡಿಸಿ ಉಪ್ಪಿನ ಪೊಟ್ಟಣ ಹುಡುಕಿದೆ.

ವಿಶಾಲಾಕ್ಷಿ ಆಗಲೇ ಮಿಷಿನ್ನಿನ ಮುಂದೆ ಮಂಡಿಯೂರಿದ್ದಳು. ಪಕ್ಕದಲ್ಲಿ ಖಾಲಿಯಾದ ಹೊಸ ಉಪ್ಪಿನ ಚೀಲ ಬಿದ್ದಿತ್ತು. ಡಬ್ಬಿಯ ಬಾಯಿಯ ಸುತ್ತ ಚೆಲ್ಲಿದ್ದ ಹರಳುಗಳನ್ನು ಒರೆಸಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿ, ತಲೆ ತಗ್ಗಿಸಿಕೊಂಡೇ ಹೇಳಿದಳು:

"ಉಪ್ಪು ತುಂಬಿದೀನಿ. ಸರಿಯಾಗಿದೆಯಾ ಒಂದ್ಸಲ ನೋಡಿಬಿಡಿ, ಭಾವ."